ಅಡುಗೆಮನೆಗೆ ಹೊಸ ಕೋಟಾ ಕಲ್ಲು ಹಾಕಿಸಿದೆವು, ಸಂದಿನಲ್ಲಿ ಬಿಳಿ ಪುಡಿ ಏಳುತ್ತಿದೆ. ಏನು ಮಾಡೋದು?

ಅಡುಗೆಮನೆ_ಮೈಸೂರು

ನಮ್ಮದು ಹಳೇ ಮನೆ, ಗ್ರೌಂಡ್ ಫ್ಲೋರ್. ಅಡುಗೆಮನೆಯ ರೆಡ್ ಆಕ್ಸೈಡ್ ನೆಲ ಅಲ್ಲಲ್ಲಿ ಎದ್ದು ಬರುತ್ತಿತ್ತು, ಅದನ್ನು ಒಡೆಸಿ ಕೋಟಾ ಕಲ್ಲು ಹಾಕಿಸಿದೆವು. ಎರಡಡಿ ಚೌಕದ ಕಲ್ಲು, ಹಸಿರು ಬೆರೆತ ಬೂದು ಬಣ್ಣ. ಟೈಲ್ಸ್ ಆದರೆ ನೀರು ಬಿದ್ದಾಗ ಜಾರುತ್ತೆ ಅಂತ ಅತ್ತೆಯವರು ಹೇಳಿದ್ದರು, ನನಗೂ ಕಲ್ಲೇ ಇಷ್ಟ. ಹಾಸಿ ಪಾಲಿಶ್ ಮಾಡಿಸಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ತಲೆನೋವು ಶುರು.

ಮೊದಲನೆಯದು ಬಿಳಿ ಪುಡಿ. ಸಂದಿನುದ್ದಕ್ಕೂ ಯಾರೋ ಉಪ್ಪು ಉದುರಿಸಿದ ಹಾಗೆ ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಾಯ, ನೆಲ ಒಣಗುತ್ತಿದ್ದಂತೆ ಮತ್ತೆ ಹಾಜರ್. ಸಿಂಕ್ ಇರುವ ಕಡೆ ಕೆಲವು ಕಲ್ಲುಗಳ ಅಂಚು ಕಪ್ಪಾಗಿದೆ, ನಡುಭಾಗ ಮಾತ್ರ ತಿಳಿಯಾಗಿದೆ. ಫ್ರಿಜ್ ಮುಂದೆ ಎರಡು ಕಲ್ಲು ಪಕ್ಕದವಕ್ಕಿಂತ ಎತ್ತರ ಕೂತಿವೆ, ಮಾವನವರ ಹೆಬ್ಬೆರಳು ದಿನಾ ಅಲ್ಲೇ ತಾಗುತ್ತೆ. ಬಾಗಿಲ ಹತ್ತಿರ ಒಂದು ಕಲ್ಲು ತಟ್ಟಿದರೆ ಡೊಬ್ ಅನ್ನುತ್ತೆ, ಒಳಗೆ ಟೊಳ್ಳು ಇರಬೇಕು. ಇದೆಲ್ಲ ಸಾಲದು ಅಂತ ಮೊನ್ನೆ ಹುಣಸೆ ರಸ ಚೆಲ್ಲಿತು, ತಕ್ಷಣ ಒರೆಸಲಿಲ್ಲ, ಈಗ ಅಲ್ಲಿ ಹೊಳಪು ಹೋಗಿ ಮಂಕಾದ ಮಚ್ಚೆ ನಿಂತಿದೆ. ಕೈಯಾಡಿಸಿದರೆ ಅಷ್ಟು ಜಾಗ ಮಾತ್ರ ತರಿತರಿ.

ಮೇಸ್ತ್ರಿಯನ್ನು ಕೇಳಿದರೆ "ಆಸಿಡ್ ಹಾಕಿ ತೊಳೀರಿ ಮೇಡಂ, ಎಲ್ಲಾ ಹೋಗುತ್ತೆ" ಅಂತಾರೆ. ಕಲ್ಲಿನ ಅಂಗಡಿಯವರು ಸೀಲರ್ (ಕಲ್ಲು ನೀರು, ಎಣ್ಣೆ ಹೀರದ ಹಾಗೆ ಬಳಿಯುವ ದ್ರವ) ಹೊಡೆಸಿ ಅಂತಾರೆ. ಪಕ್ಕದ ಮನೆಯವರು ಕಿತ್ತು ಟೈಲ್ಸ್ ಹಾಕಿಸಿ ಅಂತಾರೆ. ಮೇಸ್ತ್ರಿಗೆ ಕೊನೆಯ ಕಂತು ಇನ್ನೂ ಕೊಟ್ಟಿಲ್ಲ. ಯಾರ ಮಾತು ಕೇಳಲಿ?

ಮನೆಕಟ್ಟಿನೋಡು

ಮೇಸ್ತ್ರಿ ಹೇಳಿದ್ದೇ ಸರಿ ಅನಿಸುತ್ತೆ. ನಮ್ಮ ಬಾತ್‌ರೂಮ್ ಟೈಲ್ಸ್ ಮೇಲೆ ಸಿಮೆಂಟ್ ಕಲೆ ಇತ್ತು, ಆಸಿಡ್‌ಗೆ ನೀರು ಬೆರೆಸಿ ಬ್ರಶ್ ಹಾಕಿದೆವು, ಫಳಫಳ. ಒಂದು ಬಾಟಲಿ ಸಾಕು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗ್ರೈಂಡರ್_ಹಾಸನ

ದಯವಿಟ್ಟು ಬೇಡ! ಮೇಲಿನವರ ಬಾತ್‌ರೂಮಿನಲ್ಲಿ ಇರುವುದು ಸುಟ್ಟು ಮಾಡಿದ ಟೈಲ್, ಅದಕ್ಕೆ ಆಸಿಡ್ ತಾಗಿದರೂ ಅಷ್ಟಾಗಿ ಏನೂ ಆಗಲ್ಲ. ಕೋಟಾ ಅಂದರೆ ಸುಣ್ಣದಕಲ್ಲು. ನಾನು ಪಾಲಿಶ್ ಕೆಲಸದವನು, ಆಸಿಡ್ ಹಾಕಿ ಹಾಳು ಮಾಡಿಕೊಂಡ ನೆಲ ಸರಿ ಮಾಡೋದೇ ನಮಗೆ ಅರ್ಧ ಕೆಲಸ.

ನಂಬಿಕೆ ಬರದಿದ್ದರೆ ಕತ್ತರಿಸಿ ಉಳಿದ ಕಲ್ಲಿನ ತುಂಡು ಹಿತ್ತಲಲ್ಲಿ ಬಿದ್ದಿರುತ್ತಲ್ಲ, ಅದರ ಮೇಲೆ ಅರ್ಧ ನಿಂಬೆಹಣ್ಣು ಬೋರಲು ಹಾಕಿ ಸ್ವಲ್ಪ ಹೊತ್ತು ಬಿಡಿ. ಎತ್ತಿದಾಗ ಹಣ್ಣಿನ ಅಂಚು ಅಚ್ಚೊತ್ತಿದಂತೆ ದುಂಡಗೆ ಮಂಕಾಗಿರುತ್ತೆ. ಟಾಯ್ಲೆಟ್ ಆಸಿಡ್ ಒಂದು ಹನಿ ಬಿಟ್ಟರೆ ಬುರುಬುರು ನೊರೆ ಬರುತ್ತೆ. ಆ ನೊರೆ ಕೊಳೆ ಬಿಡುತ್ತಿರುವುದಲ್ಲ, ಕಲ್ಲೇ ಕರಗುತ್ತಿರುವುದು. ನಿಮ್ಮ ಹುಣಸೆ ರಸದ ಮಚ್ಚೆಯೂ ಇದೇ ಮೇಡಂ. ಅದು ಕಲೆ ಅಲ್ಲ, ಮೇಲಿನ ಪಾಲಿಶ್ ಪದರವನ್ನು ಹುಳಿ ತಿಂದಿದೆ. ಹಾಗಾಗಿ ಎಷ್ಟು ಉಜ್ಜಿದರೂ ಹೋಗಲ್ಲ, ಅಷ್ಟು ಜಾಗಕ್ಕೆ ಮತ್ತೆ ಪಾಲಿಶ್ ಕೊಡಬೇಕು. ಸಣ್ಣ ಜಾಗ ಆದ್ದರಿಂದ ಕೈ ಮೆಷಿನ್‌ನಲ್ಲಿ ಆಗುತ್ತೆ.

ಬಿಳಿ ಪುಡಿಯ ವಿಷಯ. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಳಗೆ ಸುಣ್ಣ ಬಿಡುತ್ತೆ. ಕೆಳಗಿನ ಗಾರೆಯಲ್ಲಿ ಉಳಿದ ನೀರು ಆ ಸುಣ್ಣವನ್ನು, ಜೊತೆಗೆ ಮರಳಿನಲ್ಲೋ ಬೋರ್ ನೀರಿನಲ್ಲೋ ಇದ್ದ ಉಪ್ಪನ್ನು ಹೊತ್ತುಕೊಂಡು ಸಂದಿನಿಂದ ಮೇಲೆ ಬರುತ್ತೆ. ನೀರು ಆರಿ ಹೋಗುತ್ತೆ, ಪುಡಿ ಉಳಿಯುತ್ತೆ. ಸುಣ್ಣದ ಪಾಲು ಗಾಳಿಗೆ ಸೇರಿ ಗಟ್ಟಿಯಾದರೆ ಅದೂ ಕಲ್ಲಿನ ಜಾತಿಗೇ ಸೇರುತ್ತೆ, ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕರಗಿಸುವ ಆಸಿಡ್ ಕೆಳಗಿನ ಕಲ್ಲನ್ನು ಬಿಡುತ್ತಾ?

ನೀವು ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಉಪ್ಪು ಆ ನೀರಿನಲ್ಲಿ ಕರಗಿ ಸಂದಿನೊಳಗೆ ವಾಪಸ್ ಇಳಿಯುತ್ತೆ, ಮಾರನೇ ದಿನ ಮತ್ತೆ ಮೇಲೆ ಬರುತ್ತೆ, ಅದೇ ಉಪ್ಪು. ಒಣ ಬ್ರಶ್‌ನಲ್ಲಿ ಕೆದರಿ, ಮೊರದಲ್ಲಿ ಎತ್ತಿ ಹೊರಗೆ ಹಾಕಿ, ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು. ಬರಬರುತ್ತಾ ಕಡಿಮೆ ಆಗಬೇಕು. ಕಡಿಮೆ ಆಗುತ್ತಿಲ್ಲ ಅಂದರೆ ಎಲ್ಲಿಂದಲೋ ಹೊಸ ನೀರು ಬರುತ್ತಿದೆ ಅಂತ ಅರ್ಥ.

ಸೀಲರ್ ಈಗ ಬೇಡವೇ ಬೇಡ. ಒಳಗೆ ನೀರು ಇರುವಾಗ ಮೇಲೆ ಮುಚ್ಚಿದರೆ ಅದು ಸೀಲರ್ ಕೆಳಗೆ ಹಾಲಿನ ಬಣ್ಣಕ್ಕೆ ತಿರುಗಿ ಕೂರುತ್ತೆ. ಆಮೇಲೆ ಅದನ್ನು ತೆಗೆಯಲು ನಮ್ಮಂಥವರಿಗೆ ದುಡ್ಡು ಕೊಡಬೇಕು. (ನನಗೇನೋ ಲಾಭವೇ.)

ಸಿವಿಲ್_ದಾವಣಗೆರೆ

ಹಾಸನದವರು ಹೇಳಿದ್ದಕ್ಕೆ ಸೇರಿಸುತ್ತೇನೆ. ನನಗೆ ಇಲ್ಲಿ ಬಿಳಿ ಪುಡಿಗಿಂತ ಸಿಂಕ್ ಹತ್ತಿರದ ಕಪ್ಪು ಅಂಚಿನ ಮೇಲೆ ಅನುಮಾನ. ಹೊಸ ನೆಲದಲ್ಲಿ ಎಲ್ಲಾ ಕಡೆ ಒಂದೇ ಥರ ತೇವ ಇದ್ದರೆ ಅದು ಕೆಲಸದ ನೀರು, ದಿನ ಕಳೆದ ಹಾಗೆ ಆರುತ್ತೆ. ಒಂದೇ ಕಡೆ ಇದ್ದರೆ ಪೈಪ್ ನೋಡಲೇಬೇಕು.

ಹೀಗೆ ಮಾಡಿ. ಸಿಂಕ್ ಕೆಳಗಿನ ಕಪಾಟು ಖಾಲಿ ಮಾಡಿ, ವೇಸ್ಟ್ ಪೈಪಿನ ಪ್ರತಿ ಜಾಯಿಂಟ್‌ಗೆ ಒಣ ಟಿಶ್ಯೂ ಸುತ್ತಿ. ಸಿಂಕ್ ಬಾಯಿ ಮುಚ್ಚಿ ತುಂಬಾ ನೀರು ತುಂಬಿಸಿ ಒಂದೇ ಸಲಕ್ಕೆ ಬಿಡಿ. ಒಂದೊಂದೇ ಲೋಟ ತೊಳೆದಾಗ ಸೋರದ ಜಾಯಿಂಟ್ ಇಷ್ಟು ನೀರಿಗೆ ಸೋರುತ್ತೆ, ಟಿಶ್ಯೂ ನೋಡಿದರೆ ಗೊತ್ತಾಗುತ್ತೆ. ಪೈಪ್ ನೆಲದೊಳಗೆ ಇಳಿಯುವ ಜಾಗವನ್ನೂ ನೋಡಿ, ಸುತ್ತ ಸಿಮೆಂಟ್ ತುಂಬದೆ ಹಾಗೇ ಬಿಟ್ಟಿರುತ್ತಾರೆ, ಕಟ್ಟೆ ತೊಳೆದ ನೀರೆಲ್ಲ ಅಲ್ಲೇ ಇಳಿಯುತ್ತೆ. ನಲ್ಲಿಗೆ ಬರುವ ಲೈನ್ ಪರೀಕ್ಷೆಗೆ ರಾತ್ರಿ ಎಲ್ಲಾ ನಲ್ಲಿ ಮುಚ್ಚಿ, ಟ್ಯಾಂಕ್ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಿ.

ಎರಡನೆಯದು, ನೆಲದಡಿ ಇರುವುದೇನು? ಗ್ರೌಂಡ್ ಫ್ಲೋರ್, ಹಳೇ ಮನೆ ಅಂದಿರಿ. ಹಳೇ ನೆಲ ಒಡೆದ ಮೇಲೆ ಕೆಳಗೆ ಕಾಂಕ್ರೀಟ್ ಹಾಕಿದರಾ, ಮಣ್ಣಿನ ಮೇಲೆ ಪಾಲಿಥೀನ್ ಹಾಳೆ ಹಾಸಿದರಾ? ಇಲ್ಲ ಅಂದರೆ ಮಳೆಗಾಲದಲ್ಲಿ ನೆಲದ ತೇವ ಮೇಲೆ ಬರುತ್ತಲೇ ಇರುತ್ತೆ. ಇದು ತಿಳಿಯಲು ಸುಲಭ ಉಪಾಯ ಇದೆ. ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸಿಂಕ್‌ನಿಂದ ದೂರ, ಒಣಗಿರುವ ಹಾಗೆ ಕಾಣುವ ಜಾಗದಲ್ಲಿ ಹಾಸಿ ನಾಲ್ಕೂ ಕಡೆ ಟೇಪ್ ಹಚ್ಚಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಕೆಳಮೈಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ.

ಟೊಳ್ಳು ಕಲ್ಲು ಬಿಡಬೇಡಿ. ಇದು ಕಲ್ಲಿನ ಗುಣ ಅಲ್ಲ, ಕೆಲಸದ ದೋಷ. ಒಣ ಗಾರೆ ಹರಡಿ, ಸಿಮೆಂಟ್ ಹಾಲು ಸುರಿದು, ಕಲ್ಲು ಇಟ್ಟು ಮರದ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಹಾಲು ಮೂಲೆಗೆ ತಲುಪಲಿಲ್ಲ ಅಂದರೆ ಅಲ್ಲಿ ಗಾಳಿ ಉಳಿಯುತ್ತೆ. ಬರೀ ಕಾಲಿಟ್ಟರೆ ಏನೂ ಆಗಲ್ಲ. ತುಂಬಿದ ಸಿಲಿಂಡರ್ ಮೂಲೆಗೆ ಬಿದ್ದರೆ ಕಲ್ಲು ಸೀಳುತ್ತೆ. ಬಾಗಿಲ ಹತ್ತಿರ ಅಂದಿರಿ, ಸಿಲಿಂಡರ್ ಬರುವ ದಾರಿಯೇ ಅದು ಅಲ್ವಾ?

ನಾಣ್ಯ ತಗೊಂಡು ಇಡೀ ನೆಲ ತಟ್ಟುತ್ತಾ ಹೋಗಿ. ಎಲ್ಲೆಲ್ಲಿ ಸದ್ದು ಬದಲಾಗುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆರಳಗಲ ಮೂಲೆ ಟೊಳ್ಳಿದ್ದರೆ ಬಿಡಬಹುದು, ಅರ್ಧ ಕಲ್ಲು ಟೊಳ್ಳಿದ್ದರೆ ಎಬ್ಬಿಸಿ ಮತ್ತೆ ಕೂರಿಸಬೇಕು. ಮೇಸ್ತ್ರಿ ಬಂದಾಗ ಮಾತಾಡುವುದೇ ಬೇಡ, ಗೆರೆ ತೋರಿಸಿ.

ಶಾಬಾದಿ_ಕಲಬುರಗಿ

ನಮ್ಮ ಕಡೆ ಹುಟ್ಟಿದಾಗಿನಿಂದ ಶಹಾಬಾದ್ ಪರ್ಸಿ (ಹಾಸುಗಲ್ಲು) ಮೇಲೆಯೇ ಓಡಾಡಿದವರು ನಾವು. ಅದೂ ಸುಣ್ಣದಕಲ್ಲೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಸುಡುವುದೂ ನಮ್ಮ ನೆಲದ ಸುಣ್ಣದಕಲ್ಲನ್ನೇ. ನಿಮ್ಮ ಕೋಟಾ ರಾಜಸ್ಥಾನದ್ದು, ತಾಂಡೂರು ತೆಲಂಗಾಣದ್ದು, ಕಡಪ ಆಂಧ್ರದ್ದು, ಹೆಸರು ಬೇರೆ, ಕುಲ ಒಂದೇ. ಹುಳಿ ಬಿದ್ದರೆ ಎಲ್ಲವೂ ಮುಖ ಸಪ್ಪಗೆ ಮಾಡುತ್ತವೆ.

ನನ್ನ ಪ್ರಶ್ನೆ ಬೇರೆ. ಅಡುಗೆಮನೆಗೆ ಕನ್ನಡಿ ಥರ ಪಾಲಿಶ್ ಯಾಕೆ ಬೇಕು? ನಮ್ಮ ಅಜ್ಜಿ ಮನೆಯಲ್ಲಿ ಪರ್ಸಿಗೆ ಪಾಲಿಶ್ ಇರಲಿಲ್ಲ, ದಿನಾ ನೀರು ಹಾಕಿ ತೊಳೆಯುತ್ತಿದ್ದರು, ಓಡಾಡಿ ಓಡಾಡಿ ತಾನೇ ನುಣುಪಾಗಿತ್ತು. ಹುಳಿ ಚೆಲ್ಲಿದರೂ ಮಚ್ಚೆ ಕಾಣುತ್ತಿರಲಿಲ್ಲ, ಯಾಕೆಂದರೆ ಮಂಕಾಗಲು ಹೊಳಪೇ ಇರಲಿಲ್ಲ. ಜಾರಬಾರದು ಅಂತ ಕಲ್ಲು ತಂದು ಅದಕ್ಕೆ ಜಾರುವಷ್ಟು ಪಾಲಿಶ್ ಕೊಡಿಸಿದ್ದೀರಿ ಅಕ್ಕ. ಹೇಗೂ ಎತ್ತರದ ಕಲ್ಲು ಉಜ್ಜಿಸಬೇಕಲ್ಲ, ಆಗ ಇಡೀ ನೆಲಕ್ಕೆ ಅರ್ಧ ಹೊಳಪಿನಲ್ಲಿ ನಿಲ್ಲಿಸಲು ಹೇಳಿ.

ಅಡುಗೆಮನೆ_ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಆಸಿಡ್ ಬಾಟಲಿ ಮನೆಗೆ ಬಂದಾಗಿತ್ತು, ಅದನ್ನು ಬಾತ್‌ರೂಮ್ ಕಡೆ ಸಾಗಿಸಿದೆ. ನಿಂಬೆಹಣ್ಣಿನ ಪರೀಕ್ಷೆ ಮಾವನವರ ಎದುರೇ ಮಾಡಿದೆ, ಅವರೂ ಒಪ್ಪಿದರು.

ದಾವಣಗೆರೆ ಸರ್ ಹೇಳಿದ್ದು ನೂರಕ್ಕೆ ನೂರು. ಸಿಂಕ್ ತುಂಬಿಸಿ ಬಿಟ್ಟಾಗ ಬಾಟಲ್ ಟ್ರ್ಯಾಪ್ (ಸಿಂಕ್ ಕೆಳಗೆ ವೇಸ್ಟ್ ಪೈಪಿಗೆ ಹಾಕುವ ಬಾಟಲಿ ಆಕಾರದ ಭಾಗ) ಮೇಲಿನ ಜಾಯಿಂಟಿನ ಟಿಶ್ಯೂ ಒದ್ದೆ. ಹನಿ ಪೈಪಿನ ಹಿಂಬದಿಯಿಂದ ಇಳಿದು ಗೋಡೆ ಮೂಲೆಗೆ ಹೋಗುತ್ತಿತ್ತು, ಮುಂದಿನಿಂದ ನೋಡಿದರೆ ಎಲ್ಲಾ ಒಣಗಿರುವ ಹಾಗೇ ಕಾಣುತ್ತಿತ್ತು. ಪ್ಲಂಬರ್ ಬಂದು ವಾಷರ್ ಬದಲಾಯಿಸಿದರು. ಪೈಪ್ ನೆಲಕ್ಕೆ ಇಳಿಯುವ ಕಡೆಯೂ ಸಂದು ಇತ್ತು, ಅದನ್ನೂ ಮುಚ್ಚಿಸಿದೆ.

ಪ್ಲಾಸ್ಟಿಕ್ ಹಾಳೆ ಬಾಗಿಲ ಕಡೆ ಅಂಟಿಸಿದ್ದೆ. ಹನಿ ಕಟ್ಟಿಲ್ಲ, ಆದರೆ ಹಾಳೆ ತೆಗೆದಾಗ ಆ ಚೌಕ ಸುತ್ತಲಿನ ನೆಲಕ್ಕಿಂತ ಸ್ವಲ್ಪ ಕಡು ಬಣ್ಣ ಇತ್ತು. ಕೆಳಗೆ ಜೆಲ್ಲಿ ಕಾಂಕ್ರೀಟ್ ಹಾಕಿದ್ದಾರೆ, ಪಾಲಿಥೀನ್ ಹಾಕಿಲ್ಲ. ನಾಣ್ಯ ತಟ್ಟಿದ್ದರಲ್ಲಿ ಬಾಗಿಲ ಕಲ್ಲು ಅರ್ಧಕ್ಕಿಂತ ಜಾಸ್ತಿ ಟೊಳ್ಳು, ಇನ್ನೆರಡು ಕಡೆ ಮೂಲೆ ಮಾತ್ರ. ಕಲಬುರಗಿಯವರ ಮಾತು ಕೇಳಿ ಮನೆಯಲ್ಲಿ ಎಲ್ಲರೂ ನಕ್ಕರು, ಆದರೆ ಅತ್ತೆಯವರು ಅವರ ಪಾರ್ಟಿ. ಈಗ ಯಾವುದು ಮೊದಲು, ಯಾವುದು ಆಮೇಲೆ? ಒಗ್ಗರಣೆ ಎಣ್ಣೆ ಬಿದ್ದು ಒಲೆ ಮುಂದೆ ಕಪ್ಪು ಚುಕ್ಕೆಯೂ ಆಗಿದೆ, ಅದಕ್ಕೂ ಹೇಳಿ.

ಪುತ್ತೂರು_ಅಕ್ಕ

ಎಣ್ಣೆ ಕಲೆಗೆ ಉಜ್ಜುವುದರಿಂದ ಪ್ರಯೋಜನ ಇಲ್ಲ, ಅದು ಕಲ್ಲಿನೊಳಗೆ ಇಳಿದಿರುತ್ತೆ, ಹೀರಿ ತೆಗೆಯಬೇಕು. ಅಡುಗೆ ಸೋಡಾಕ್ಕೆ ಸ್ವಲ್ಪವೇ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಗಿಂತ ಒಂದಿಂಚು ಅಗಲಕ್ಕೆ, ಅರ್ಧ ಬೆರಳು ದಪ್ಪಕ್ಕೆ ಬಳಿಯಿರಿ. ಮೇಲೆ ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಬೇಕು, ಇದನ್ನು ಜನ ಮರೆಯುತ್ತಾರೆ. ಒಣಗುವಾಗಲೇ ಅದು ಎಣ್ಣೆ ಎಳೆದುಕೊಳ್ಳುವುದು. ಒಣಗಿದ್ದನ್ನು ಹಳೇ ಎಟಿಎಂ ಕಾರ್ಡ್‌ನಿಂದ ಎಬ್ಬಿಸಿ. ಒಂದೇ ಸಲಕ್ಕೆ ಹೋಗಲಿಲ್ಲ ಅಂದರೆ ಮತ್ತೆ ಹಾಕಿ.

ಅರಿಶಿನದ ಕಲೆಗೆ ಏನೂ ಮಾಡಬೇಡಿ, ಕಿಟಕಿ ಬಿಸಿಲು ಬೀಳುವ ಜಾಗ ಆದರೆ ತಾನೇ ಮಾಸುತ್ತೆ. ದಿನಾ ಒರೆಸಲು ನಿಂಬೆ ಪರಿಮಳದ ಲಿಕ್ವಿಡ್‌ಗಳನ್ನು ಡಬ್ಬಿ ಓದದೆ ತರಬೇಡಿ, ಕೆಲವದರಲ್ಲಿ ನಿಜವಾಗಿಯೂ ಹುಳಿ ಇರುತ್ತೆ. ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ಬರೀ ನೀರಿನಲ್ಲಿ ಒಂದು ಸಲ. ಅಷ್ಟೇ.

ಇನ್ನೊಂದು. ನಮ್ಮಲ್ಲಿ ಹಳೇ ರೆಡ್ ಆಕ್ಸೈಡ್ ನೆಲಕ್ಕೆ ತೆಂಗಿನೆಣ್ಣೆ ಹಚ್ಚಿ ಉಜ್ಜುವ ಅಭ್ಯಾಸ ಇತ್ತು. ಹಾಗೇ ಕೋಟಾ ಕಲ್ಲಿಗೂ ಎಣ್ಣೆ ಹಚ್ಚಿದರೆ ಕಪ್ಪಗೆ ಹೊಳೆಯುತ್ತೆ ಅಂತ ಯಾರಾದರೂ ಹೇಳಬಹುದು. ಹೊಳೆಯುತ್ತೆ ನಿಜ. ಆಮೇಲೆ ಧೂಳು ಕೂತು ಜಿಗುಟಾಗುತ್ತೆ, ಒಂದೊಂದು ಕಲ್ಲು ಒಂದೊಂದು ಬಣ್ಣಕ್ಕೆ ತಿರುಗುತ್ತೆ. ಬೇಡ.

ಮನೆಕಟ್ಟಿನೋಡು

ಸರಿ ಸ್ವಾಮಿ, ಆಸಿಡ್ ಮಾತು ವಾಪಸ್. ಆದರೆ ಒಂದು ಕೇಳುತ್ತೇನೆ, ಪಾಲಿಶ್‌ನವರು ಕೊನೆಗೆ ಬಿಳಿ ಪುಡಿ ಹಾಕಿ ಮೆಷಿನ್ ಓಡಿಸುತ್ತಾರಲ್ಲ, ಅದು ಆಕ್ಸಾಲಿಕ್ ಆಸಿಡ್ ಅಂತ ಕೇಳಿದ್ದೇನೆ. ಅದು ಆಸಿಡ್ ಅಲ್ವಾ?

ಗ್ರೈಂಡರ್_ಹಾಸನ

ಒಳ್ಳೇ ಪ್ರಶ್ನೆ. ಅದೂ ಆಸಿಡ್ಡೇ. ಆದರೆ ಅದು ಸುಣ್ಣದಕಲ್ಲಿನ ಜೊತೆ ಸೇರಿ ಕರಗದ ತೆಳು ಪದರ ಕಟ್ಟುತ್ತೆ, ಕ್ಯಾಲ್ಸಿಯಂ ಆಕ್ಸಲೇಟ್. ಹೊಳಪಿಗೆ ಅದು ಸಹಾಯ. ಟಾಯ್ಲೆಟ್ ಆಸಿಡ್ ಕಲ್ಲನ್ನು ಕರಗಿಸಿ ನೀರಿನ ಜೊತೆ ಕೊಚ್ಚಿಕೊಂಡು ಹೋಗುತ್ತೆ. ಹಾಗಂತ ಆಕ್ಸಾಲಿಕ್ ಪುಡಿ ತಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅದು ವಿಷ. ನಾವು ಬಳಸಿದ ಮೇಲೂ ನೆಲ ಚೆನ್ನಾಗಿ ತೊಳೆಸಿಕೊಳ್ಳಿ, ಅಡುಗೆಮನೆ ಬೇರೆ, ತೆವಳುವ ಮಗು ಇರುವ ಮನೆಯಾದರೆ ಇನ್ನೂ ಜಾಗ್ರತೆ.

ಮೈಸೂರು ಮೇಡಂ, ಈಗ ಕ್ರಮಕ್ಕೆ ಬರೋಣ. ಟೊಳ್ಳು ಕಲ್ಲು ಮೊದಲು. ಮೇಸ್ತ್ರಿ ಆ ಕಲ್ಲಿನ ಸುತ್ತಲಿನ ಸಂದನ್ನು ತೆಳು ಬ್ಲೇಡ್‌ನಲ್ಲಿ ಕೊಯ್ದು ಬಿಡಿಸಿ ಎಬ್ಬಿಸಬೇಕು, ಸೀದಾ ಹಾರೆ ಹಾಕಿದರೆ ಪಕ್ಕದ ಕಲ್ಲಿನ ಅಂಚು ಸಿಡಿಯುತ್ತೆ. ಕೆಳಗಿನ ಗಾರೆ ಅರ್ಧ ಇಂಚು ಕೆತ್ತಿ, ಧೂಳು ತೆಗೆದು ನೆನೆಸಿ, ಕಲ್ಲಿನ ಬೆನ್ನನ್ನೂ ತೊಳೆದು ಸಿಮೆಂಟ್ ಪೇಸ್ಟ್ ಪೂರ್ತಿ ಬಳಿದು ಕೂರಿಸಬೇಕು. ರಸಮಟ್ಟ ಇಟ್ಟು ನೋಡಿ, ಬರೀ ಕಣ್ಣಳತೆ ಬೇಡ. ಕಲ್ಲು ಒಡೆದರೆ ಅದೇ ಲಾಟಿನ ಕಲ್ಲು ಬೇಕಾಗುತ್ತೆ. ಅಂಗಡಿಯಲ್ಲಿ ಆ ಲೋಡ್ ಉಳಿದಿದ್ದರೆ ಈಗಲೇ ನಾಲ್ಕು ಕಲ್ಲು ತಂದಿಡಿ, ಮುಂದಿನ ಲೋಡ್ ಬಣ್ಣ ಬೇರೆ ಬರುತ್ತೆ.

ಫ್ರಿಜ್ ಮುಂದಿನ ಎತ್ತರ ಎಷ್ಟಿದೆ? ಒಂದು ರೂಪಾಯಿ ನಾಣ್ಯವನ್ನು ತಗ್ಗಿನ ಕಡೆ ಮಲಗಿಸಿ ಬೆರಳು ಆಡಿಸಿ. ನಾಣ್ಯಕ್ಕೆ ಸಮ ಅಥವಾ ಎರಡು ನಾಣ್ಯದೊಳಗೆ ಇದ್ದರೆ ಮೆಷಿನ್‌ನಲ್ಲಿ ಉಜ್ಜಿ ಸರಿ ಮಾಡಬಹುದು, ಕೋಟಾ ಉಜ್ಜಿಸಿಕೊಳ್ಳುವ ಕಲ್ಲು. ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೂ ಎಬ್ಬಿಸಲಿ.

ಇದಾದ ಮೇಲೆ ಕೈ ಕಟ್ಟಿ ಕೂರಬೇಕು. ಇದೇ ಕಷ್ಟ, ಎಲ್ಲರಿಗೂ ಬೇಗ ಮುಗಿಯಬೇಕು. ಪೈಪ್ ಸೋರಿದ ನೀರು ಗಾರೆಯಿಂದ ಆರಲು ವಾರಗಟ್ಟಲೆ ಹಿಡಿಯುತ್ತೆ. ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಮ್ಯಾಟ್ ಹಾಸಬೇಡಿ. ಪ್ಲಾಸ್ಟಿಕ್ ಬೆನ್ನಿನ ಮ್ಯಾಟ್ ಅಂತೂ ಬೇಡವೇ ಬೇಡ, ಅದರ ಕೆಳಗೆ ನೆಲ ಬೆವರುತ್ತೆ. ಅಂಚಿನ ಕಪ್ಪು ಒಳಗಿನಿಂದ ಹೊರಗೆ ತಿಳಿಯಾಗುತ್ತಾ ಹೋಗುತ್ತೆ. ಹೋದ ಮೇಲೆ ಮತ್ತೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಒಣಗಿದ್ದರೆ ಪಾಲಿಶ್, ಕಲಬುರಗಿಯವರು ಹೇಳಿದ ಅರ್ಧ ಹೊಳಪಿಗೆ ನನ್ನ ಓಟು. ಎಣ್ಣೆ ಕಲೆ ಅದಕ್ಕೂ ಮೊದಲೇ ತೆಗೆದಿರಿ.

ಸೀಲರ್ ಕೊನೆಗೆ, ಅದೂ ಬೇಕಿದ್ದರೆ. ಒಂದು ಚಮಚ ನೀರು ನೆಲದ ಮೇಲೆ ಹಾಕಿ. ಕೆಲವೇ ನಿಮಿಷದಲ್ಲಿ ಕಲ್ಲು ಕಪ್ಪಾದರೆ ಅದು ಹೀರುತ್ತಿದೆ, ಸೀಲರ್ ಬೇಕು. ಹನಿ ಹಾಗೇ ಕೂತಿದ್ದರೆ ದುಡ್ಡು ಉಳಿಸಿ. ತಗೊಳ್ಳುವುದಾದರೆ ಕಲ್ಲಿನೊಳಗೆ ಇಳಿಯುವ, ಉಸಿರಾಡಲು ಬಿಡುವ ಸೀಲರ್ ಕೇಳಿ. ಮೇಲೆ ವಾರ್ನಿಶ್ ಥರ ಪದರ ಕಟ್ಟುವುದು ನಿಮ್ಮ ನೆಲಕ್ಕೆ ಆಗಲ್ಲ, ಪಾಲಿಥೀನ್ ಹಾಕಿಲ್ಲ ಅಂದಿರಿ, ಮಳೆಗಾಲದಲ್ಲಿ ತೇವ ಬಂದಾಗ ಸುಲಿಯುತ್ತೆ. ಅಂಗಡಿಯವರು ಇದೊಂದು ಹೇಳಲ್ಲ: ಸೀಲರ್ ಎಣ್ಣೆ, ಕಾಫಿ ಒಳಗಿಳಿಯದ ಹಾಗೆ ತಡೆಯುತ್ತೆ, ಹುಣಸೆ ಹುಳಿಯಿಂದ ಹೊಳಪು ಹೋಗುವುದನ್ನು ತಡೆಯಲ್ಲ.

ಸಿವಿಲ್_ದಾವಣಗೆರೆ

ದುಡ್ಡಿನ ವಿಷಯ ಯಾರೂ ಮುಟ್ಟಲಿಲ್ಲ. ಮೇಸ್ತ್ರಿ ಜೊತೆ ಬಿಳಿ ಪುಡಿಗೆ ಜಗಳ ಮಾಡಬೇಡಿ, ಅದು ಯಾರು ಹಾಸಿದ್ದರೂ ಬರಬಹುದಿತ್ತು. ಬಣ್ಣ ಒಂದೇ ಥರ ಇಲ್ಲ ಅನ್ನುವುದಕ್ಕೂ ಬೇಡ. ಟೊಳ್ಳು ಮತ್ತು ಮಟ್ಟ ಇವೆರಡು ಮಾತ್ರ ಅವರ ತಲೆ ಮೇಲೆ. ಅವೆರಡು ಸರಿಯಾದ ದಿನವೇ ಪೂರ್ತಿ ದುಡ್ಡು ಕೊಡುತ್ತೇನೆ ಅಂತ ಹೇಳಿ, ಕೊಟ್ಟೂಬಿಡಿ. ಒಣಗುವವರೆಗೆ ಕಾಯಿಸಿದರೆ ಅವರು ಬೇರೆ ಸೈಟ್‌ಗೆ ಹೋಗಿರುತ್ತಾರೆ, ಫೋನ್ ಎತ್ತಲ್ಲ.

ಅಡುಗೆಮನೆ_ಮೈಸೂರು

ಹಾಗೇ ಹೇಳಿದೆ, ಒಪ್ಪಿದರು. ಸೀಮೆಸುಣ್ಣದ ಗೆರೆ ನೋಡಿ ಸ್ವಲ್ಪ ಮುನಿಸು, ಆದರೆ ತಾವೇ ಕೂತು ತಟ್ಟಿ ನೋಡಿ "ಹೌದು, ಖಾಲಿ ಐತೆ" ಅಂದರು. ಭಾನುವಾರ ಬರುತ್ತಾರೆ. ಫ್ರಿಜ್ ಮುಂದಿನ ಎತ್ತರ ಒಂದು ನಾಣ್ಯಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಉಜ್ಜಿದರೆ ಸಾಕು ಅಲ್ವಾ? ಪಾಲಿಶ್ ಆಮೇಲೆ ಮಾಡಿಸುವಾಗ ಅಡುಗೆಮನೆ ಖಾಲಿ ಮಾಡಬೇಕಾ? ಕಪಾಟೆಲ್ಲ ಫಿಟ್ ಆಗಿದೆ.

ಗ್ರೈಂಡರ್_ಹಾಸನ

ಸಾಕು, ಎಬ್ಬಿಸುವುದು ಬೇಡ. ಫ್ರಿಜ್, ಸಿಲಿಂಡರ್, ಡಬ್ಬಗಳು ಹೊರಗೆ. ಕಪಾಟು ತೆಗೆಯುವುದು ಬೇಡ, ಆದರೆ ಕೆಳಗಿನ ಬಾಗಿಲುಗಳಿಗೆ ಮೊಣಕಾಲೆತ್ತರಕ್ಕೆ ಪ್ಲಾಸ್ಟಿಕ್ ಅಂಟಿಸಿ, ಮೆಷಿನ್ ನೀರು ಸಿಡಿಯುತ್ತೆ. ಪ್ಲೈವುಡ್ ಕಪಾಟಿನ ಬುಡಕ್ಕೆ ಆ ನೀರು ನಿಂತರೆ ಊದಿಕೊಳ್ಳುತ್ತೆ. ಮುಖ್ಯವಾಗಿ, ಉಜ್ಜಿದಾಗ ಬರುವ ಕೆಸರು ನೀರನ್ನು ಸಿಂಕ್‌ಗೋ ನೆಲದ ಜಾಲರಿಗೋ ಬಿಡಲು ಕೊಡಬೇಡಿ. ಕಲ್ಲಿನ ಹಿಟ್ಟು ಪೈಪಿನಲ್ಲಿ ಕೂತು ಗಟ್ಟಿಯಾದರೆ ಮತ್ತೆ ಪ್ಲಂಬರ್. ಬಕೆಟ್‌ಗೆ ಬಳಿದು ಹೊರಗೆ ಮಣ್ಣಿಗೆ ಹಾಕಲಿ. ಕೆಲಸದ ಹುಡುಗರು ಆಯ್ತು ಆಯ್ತು ಅನ್ನುತ್ತಾರೆ, ಅಲ್ಲೇ ನಿಂತು ನೋಡಿ.

ಸಿಲಿಂಡರ್ ವಾಪಸ್ ಇಡುವಾಗ ಚಕ್ರದ ಸ್ಟ್ಯಾಂಡ್ ಮೇಲೆ ಇಡಿ. ಅದರ ಬುಡದ ತುಕ್ಕು ಒದ್ದೆ ಕಲ್ಲಿಗೆ ಹಿಡಿದರೆ ಸೋಡಾಕ್ಕೂ ಹೋಗಲ್ಲ, ನನ್ನ ಮೆಷಿನ್‌ಗೂ ಪೂರ್ತಿ ಹೋಗಲ್ಲ.